ಇನ್ನೂರ ಹನ್ನೆರಡನೆಯ ವಾರ

ವರ್ಷಕ್ಕೆ ಐವತ್ತೆರಡು ವಾರ. ಇದನ್ನು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೂ ಏಪ್ರಿಲ್ ತಿಂಗಳ ಒಂದು ಮಂಗಳವಾರ ನಮ್ಮ ಅಂಗಡಿಯ ಗಲ್ಲಾದ ಹಿಂದೆ ನಿಂತು ನಾನು ಬೆರಳು ಮಡಿಸಿ ಎಣಿಸಿದ್ದು ನಿಜ. ಗಿರಾಕಿಯೊಬ್ಬ ಉಗಿಬಂಡಿಗಳ ಪುಸ್ತಕ ತಂದಿಟ್ಟಿದ್ದ. ಅದರ ಮೊದಲ ಹಾಳೆಯ ಬಲಮೂಲೆಯಲ್ಲಿ ಪೆನ್ಸಿಲ್ಲಿನಲ್ಲಿ 'ಡಬ್ಲ್ಯು 131' ಎಂದು ಬರೆದಿತ್ತು. ಬೆಲೆ ಮಾತ್ರ ಇರಲಿಲ್ಲ.

"ಎಷ್ಟಮ್ಮಾ ಇದಕ್ಕೆ?" ಎಂದ.

"ಇದು ಯಾವ ವಾರ ಬಂತು ಅಂತ ಗೊತ್ತಾಗ್ಲಿ, ಆಮೇಲೆ ಹೇಳ್ತೀನಿ," ಎಂದೆ.

ಅವನು ನನ್ನ ಮುಖವನ್ನೊಮ್ಮೆ, ಪುಸ್ತಕವನ್ನೊಮ್ಮೆ ನೋಡಿ, ಎರಡನ್ನೂ ಅಲ್ಲೇ ಬಿಟ್ಟು ಹೋದ.

ನಮ್ಮದು ಡ್ರೇಟನ್ ಊರಿನ ಪೇಟೆಬೀದಿಯಲ್ಲಿ ಮುದಿ ಕತ್ತೆಗಳಿಗಾಗಿ ನಡೆಯುವ ಪುಸ್ತಕದಂಗಡಿ. ಜನ ಹಳೆಯ ಪುಸ್ತಕ ಕೊಡುತ್ತಾರೆ, ನಾವು ಮಾರುತ್ತೇವೆ, ಊರಾಚೆಯ ಆಶ್ರಮದ ನಲವತ್ತು ಕತ್ತೆಗಳಿಗೆ ಹುಲ್ಲು ಬರುತ್ತದೆ. ಮ್ಯಾನೇಜರ್ ಬೆಥನ್ ಒಬ್ಬಳಿಗೇ ಸಂಬಳ. ಉಳಿದವರೆಲ್ಲ ಪುಕ್ಕಟೆ ದುಡಿಯುವ ನನ್ನಂಥ ಮುದುಕರು. ನಾನು ಫ್ರೀಡಾ. ಮಂಗಳವಾರ, ಗುರುವಾರ ನನ್ನ ಪಾಳಿ. ಒಂಬತ್ತು ವರ್ಷದಲ್ಲಿ ತಪ್ಪಿಸಿದ್ದು ಒಂದೇ ವಾರ. ಹೋದ ಅಕ್ಟೋಬರಿನಲ್ಲಿ ನನ್ನ ಗಂಡ ಸಿರಿಲ್ ತೀರಿಕೊಂಡಾಗ.

ಹಿಂದಿನ ಕೋಣೆಯ ಮೇಜು ನಾರ್ಮನ್‌ನದು. ಬಂದ ಪುಸ್ತಕವನ್ನು ತೆರೆದು ಮೊದಲ ಹಾಳೆಯ ಬಲಮೂಲೆಯಲ್ಲಿ ಬೆಲೆ ಬರೆಯಬೇಕು, ಅದರ ಕೆಳಗೆ 'ಡಬ್ಲ್ಯು' ಹಾಕಿ ವಾರದ ಸಂಖ್ಯೆ ಬರೆಯಬೇಕು. ಡಬ್ಲ್ಯು ಅಂದರೆ ವೀಕ್. ಈ ವಾರ ಹದಿನಾರನೆಯದಾದರೆ 'ಡಬ್ಲ್ಯು 16'. ಆರು ವಾರದೊಳಗೆ ಮಾರಾಟವಾಗದಿದ್ದರೆ ನಾನು ಅದನ್ನು ಶೆಲ್ಫಿನಿಂದ ಕಿತ್ತು ಚೀಲಕ್ಕೆ ಹಾಕುತ್ತೇನೆ. ಬುಧವಾರ ಕಾಗದದ ಕಾರ್ಖಾನೆಯ ಲಾರಿ ಬಂದು ಚೀಲ ಒಯ್ಯುತ್ತದೆ. ದಾನ ಕೊಟ್ಟವರು ಅಲ್ಲಲ್ಲಿ ಗೀಚಿದ್ದನ್ನು ರಬ್ಬರಿನಿಂದ ಉಜ್ಜಿ ತೆಗೆಯುವುದೂ ನನ್ನದೇ ಕೆಲಸ. ಉಜ್ಜುವುದರಲ್ಲಿ ನನ್ನನ್ನು ಮೀರಿಸುವವರು ಈ ಜಿಲ್ಲೆಯಲ್ಲೇ ಇಲ್ಲ ಎಂದು ಬೆಥನ್ ಹೇಳುತ್ತಾಳೆ. ನಾನೂ ಅದನ್ನು ಅಲ್ಲಗಳೆಯುವುದಿಲ್ಲ.

ಉಗಿಬಂಡಿ ಪುಸ್ತಕ ಹಿಡಿದು ಹಿಂದಿನ ಕೋಣೆಗೆ ನುಗ್ಗಿದೆ.

"ಏನಯ್ಯಾ ನಾರ್ಮನ್, ನಿಮ್ಮನೇಲಿ ವರ್ಷಕ್ಕೆ ಎಷ್ಟು ವಾರ?"

ನಾರ್ಮನ್ ಕನ್ನಡಕವನ್ನು ಹಣೆಗೇರಿಸಿದ. ವಯಸ್ಸು ಎಪ್ಪತ್ತೊಂಬತ್ತು. ರೈಲ್ವೆಯಲ್ಲಿ ಸಿಗ್ನಲ್ ಕೆಲಸದಲ್ಲಿದ್ದವನು. ಸಿಗ್ನಲ್ ಬಿಟ್ಟ ಮೇಲೂ ಪ್ರತಿಯೊಂದನ್ನೂ ಎರಡೆರಡು ಸಲ ನೋಡುವ ಚಾಳಿ ಬಿಟ್ಟವನಲ್ಲ. ಪುಸ್ತಕವನ್ನೂ ಎರಡು ಸಲ ನೋಡಿದ.

"ಇದು ನಾನು ಬರ್ದಿದ್ದಾ?"

"ಮತ್ತೆ ಕತ್ತೆ ಬಂದು ಬರೀತಾ?"

"ಇರಬಹುದು. ನಿನ್ನೆ ಎರಡು ಪೆಟ್ಟಿಗೆ ಬಂದಿತ್ತು. ತೆರೆದು ನೋಡಿದೆ, ಮೂಲೇಲಿ ಗುರುತಿತ್ತು. ಗುರುತಿದೆ ಅಂದ್ಮೇಲೆ ನಾನು ಮಾಡಿ ಮುಗಿಸಿದ್ದು ಅಂತ ಶೆಲ್ಫಿಗೆ ಒಯ್ಯೋ ತಳ್ಳುಗಾಡೀಲಿ ಇಟ್ಟೆ." ಅವನು ಕನ್ನಡಕ ಮತ್ತೆ ಮೂಗಿಗಿಳಿಸಿದ. "ಆದರೆ ನೂರಾ ಮೂವತ್ತೊಂದು ಅಂತ ಯಾಕೆ ಬರೀಲಿ?"

ಹಾಗೆ ಕೇಳಿದ್ದಕ್ಕೇ ಬೈದೆ. ಬೈದು, ರಬ್ಬರು ತೆಗೆದು 131ನ್ನು ಉಜ್ಜಿ, ಬೆಲೆ ಹಾಕಿ, 16 ಎಂದು ಬರೆದು ಶೆಲ್ಫಿಗಿಟ್ಟೆ. ಉಜ್ಜುವುದು ಸುಲಭವಿರಲಿಲ್ಲ. ಗಟ್ಟಿ ಪೆನ್ಸಿಲ್ಲು. ಬಣ್ಣ ಹೋದರೂ ಕಾಗದದ ಮೇಲೆ ಗೀರು ಉಳಿಯಿತು. ಈ ಮನುಷ್ಯ ಪುಸ್ತಕವೆಂದರೆ ರೈಲು ಹಳಿ ಎಂದುಕೊಂಡು ಒತ್ತುತ್ತಾನೆ ಎಂದು ಅದಕ್ಕೂ ಬೈದೆ.

ಗುರುವಾರ ಶೆಲ್ಫು ನೋಡುತ್ತ ಹೋದರೆ 'ಡಬ್ಲ್ಯು 74'. ಅದರ ಪಕ್ಕದಲ್ಲಿ 'ಡಬ್ಲ್ಯು 305'. ಕೆಳಗಿನ ಸಾಲಿನಲ್ಲಿ 'ಡಬ್ಲ್ಯು 9'. ಒಂದಕ್ಕೂ ಬೆಲೆಯಿಲ್ಲ. ಒಂಬತ್ತನೆಯ ವಾರವೆಂದರೆ ಫೆಬ್ರವರಿ ಕೊನೆ, ಆರು ವಾರ ಮುಗಿದಿದೆ. ನಿಯಮದಂತೆ ಕಿತ್ತು ಚೀಲಕ್ಕೆ ಹಾಕಿದೆ. ಆದರೆ ಹಾಕುವಾಗ ತಲೆಗೊಂದು ಹುಳ ಹೊಕ್ಕಿತು. ಈ ಸಾಲನ್ನು ನಾನೇ ಮೊನ್ನೆ ಒರೆಸಿದ್ದೇನೆ, ಈ ಪುಸ್ತಕ ಇಲ್ಲಿರಲಿಲ್ಲ. ಫೆಬ್ರವರಿಯಿಂದ ಇದ್ದದ್ದು ಮೊನ್ನೆ ಎಲ್ಲಿತ್ತು?

ಮುಂದಿನ ವಾರ ಇನ್ನೂ ಹತ್ತು ಹನ್ನೆರಡು ಸಿಕ್ಕವು. 188. 41. 267. 3. ಐವತ್ತೆರಡಕ್ಕಿಂತ ಹೆಚ್ಚಿದ್ದವನ್ನು ಉಜ್ಜಿದೆ, ಹತ್ತಕ್ಕಿಂತ ಕಡಿಮೆಯಿದ್ದವನ್ನು ಚೀಲಕ್ಕೆ ಹಾಕಿದೆ. 41 ಬಂದಾಗ ಮಾತ್ರ ಸುಸ್ತಾದೆ. ನಲವತ್ತೊಂದನೆಯ ವಾರ ಇನ್ನೂ ಬಂದೇ ಇಲ್ಲ! ಹೋದ ವರ್ಷದ್ದಿರಬೇಕೆಂದು ಅದನ್ನೂ ಚೀಲಕ್ಕೆ ಹಾಕಿದೆ. ಎಲ್ಲವೂ ಕಾಲುವೆ, ಉಗಿಬಂಡಿ, ಯುದ್ಧ, ಸೇತುವೆಗಳ ಪುಸ್ತಕಗಳು. ನಮ್ಮ ಕಡೆ ಒಬ್ಬ ಮುದುಕ ಹೋದನೆಂದರೆ ಇಂಥ ಎಂಟು ಪೆಟ್ಟಿಗೆ ಹಿಂದೆಯೇ ಬರುತ್ತವೆ. ಅದರಲ್ಲಿ ವಿಶೇಷವೇನೂ ಇರಲಿಲ್ಲ. ನನ್ನ ಮನೆಯ ಗ್ಯಾರೇಜಿನಲ್ಲೂ ಅಂಥವೇ ಇದ್ದವು. ಅವುಗಳ ಮುಖ ನೋಡಲಾರದೆ, ಸಿರಿಲ್‌ನ ಅಣ್ಣನ ಮಗ ಕೀತ್‌ಗೆ, "ತಗೊಂಡು ಹೋಗಪ್ಪ, ನಮ್ಮಂಗಡಿ ಒಂದು ಬಿಟ್ಟು ಎಲ್ಲಿಗಾದ್ರೂ ಕೊಡು," ಎಂದು ಹೇಳಿ ಕೈತೊಳೆದುಕೊಂಡಿದ್ದೆ.

ನಾರ್ಮನ್ ತನಗೆ ತಾನೇ ಒಂದು ಪರೀಕ್ಷೆ ಇಟ್ಟುಕೊಂಡ. ಕಿಸೆಯಲ್ಲಿದ್ದ ಪೆನ್ಸಿಲ್ಲುಗಳನ್ನೆಲ್ಲ ಬೆಥನ್‌ಗೆ ಒಪ್ಪಿಸಿ ಒಂದೇ ಒಂದು ಹಸಿರು ಪೆನ್ಸಿಲ್ ಇಟ್ಟುಕೊಂಡ.

"ಇನ್ಮೇಲೆ ಹಸಿರಿದ್ರೆ ನಂದು. ಬೂದು ಇದ್ರೆ ನಂದಲ್ಲ. ಸರಿಯಾ ಫ್ರೀಡಾ?"

"ಸರಿ. ನೋಡೇಬಿಡೋಣ."

ಮಂಗಳವಾರ ತಳ್ಳುಗಾಡಿ ತುಂಬ ಹಸಿರು ಗುರುತಿನ ಪುಸ್ತಕಗಳು. ನಡುವೆ ಐದು ಬೂದು ಬಣ್ಣದವು. 'ಡಬ್ಲ್ಯು 156', 'ಡಬ್ಲ್ಯು 90'... ಗಾಡಿಗೆ ಪುಸ್ತಕ ಇಟ್ಟವನು ಅವನೊಬ್ಬನೇ. ಅವನ ಮೇಜಿನ ಮೇಲೆ, ಖಾನೆಯಲ್ಲಿ, ಕೋಟಿನ ಕಿಸೆಯಲ್ಲಿ ನಾನೇ ಹುಡುಕಿದೆ. ಬೂದು ಪೆನ್ಸಿಲ್ ಇರಲಿಲ್ಲ. ಹುಡುಕಿಸಿಕೊಳ್ಳುತ್ತ ಕೈಯೆತ್ತಿ ನಿಂತಿದ್ದ ನಾರ್ಮನ್ ಮೆಲ್ಲಗೆ, "ನಂಗೇ ಗೊತ್ತಾಗ್ದೆ ಎಲ್ಲಿಂದಾದ್ರೂ ತಗೋತೀನೇನೋ," ಎಂದ.

"ಮೂಲೇಲಿ ಗುರುತು ನೋಡಿದಾಗ, ಬೂದು ಬಣ್ಣದ್ದು ಅಂತ ಹೊಳೀಲಿಲ್ವಾ ನಿಂಗೆ?"

"ಹೊಳೀತು. ಹಳೇದೇನೋ, ಹೋದ ವಾರ ಮಾಡಿದ್ದೇನೋ ಅಂದ್ಕೊಂಡೆ. ಗುರುತು ಇದೆ ಅಂದ್ರೆ ಮಾಡಿದೀನಿ ಅಂತಾನೇ ಅಲ್ವಾ? ನನ್ನ ನೆನಪಿಗಿಂತ ಗುರುತನ್ನೇ ನಂಬಬೇಕು ತಾನೇ?"

ತಲೆ ಕೆಟ್ಟು ಮೊಸರುಗಡಿಗೆಯಾಯಿತು. ಇದ್ದದ್ದು ಇಬ್ಬರು ಬುದ್ಧಿವಂತರು, ಕೈಯಲ್ಲಿ ಒಂದು ಹಸಿರು ಪೆನ್ಸಿಲ್, ಆದರೂ ತಲೆಬುಡ ತಿಳಿಯಲಿಲ್ಲ. ನನಗೆ ಅರ್ಥವಾಗದ್ದು ಎದುರಿಗಿದ್ದರೆ ನನ್ನ ಬಾಯಿ ಸುಮ್ಮನಿರುವುದಿಲ್ಲ. ಗಿರಾಕಿಗಳಿಬ್ಬರು ಕೇಳುವಂತೆಯೇ ಅಂದುಬಿಟ್ಟೆ:

"ಮುದಿ ಕತ್ತೆಗಳಿಗೆ ಆಶ್ರಮ ಇದೆ ಕಣಯ್ಯಾ. ಒಂದು ಜಾಗ ಹೇಳಿಡ್ಲಾ ನಿಂಗೆ?"

ಗಿರಾಕಿಗಳು ನಕ್ಕರು. ನಾರ್ಮನ್ ಕೂಡ ನಗಲು ನೋಡಿದ. ಆಮೇಲೆ ಕೋಟು ಹಾಕಿಕೊಳ್ಳುತ್ತ ನನ್ನೊಬ್ಬಳಿಗೇ ಕೇಳುವಂತೆ ಹೇಳಿದ:

"ಆಲಿವ್‌ಗೂ ಹೀಗೇ ಶುರುವಾಗಿದ್ದು ಫ್ರೀಡಾ. ಸಾಮಾನಿನ ಚೀಟಿ ಬರೆಯೋಳು, ಬರೆದಿದ್ದು ನಾನಲ್ಲ ಅನ್ನೋಳು."

ಆಲಿವ್ ಅವನ ಹೆಂಡತಿ. ಕೊನೆಯ ಎರಡು ವರ್ಷ ಅವಳಿಗೆ ಗಂಡನ ಹೆಸರು ಗೊತ್ತಿರಲಿಲ್ಲ. ಅವಳು ಹೋದ ಮೇಲೆ ಕಬ್ಬಿಣದ ಅಂಗಡಿಯ ಮಹಡಿಯ ಮೇಲಿನ ಒಂದು ಕೋಣೆ, ನಮ್ಮ ಹಿಂದಿನ ಕೋಣೆಯ ಒಂದು ಮೇಜು, ಇವೆರಡೇ ಅವನ ಪ್ರಪಂಚ. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ ಅಂದೆ. ಮನೆಗೆ ಹೋಗುವಾಗ ಬೀದಿಯಲ್ಲೊಮ್ಮೆ ನಿಂತೆ, ಆದರೆ ವಾಪಸು ಹೋಗಿ ತಪ್ಪಾಯಿತೆನ್ನಲು ಕಾಲು ಬರಲಿಲ್ಲ.

ಗುರುವಾರ ಬೆಳಗ್ಗೆ ಬೆಥನ್ ನನ್ನನ್ನು ಪಕ್ಕಕ್ಕೆ ಕರೆದಳು. ಒಳ್ಳೆಯ ಹುಡುಗಿ. ಯಾರ ಮನಸ್ಸೂ ನೋಯಬಾರದೆನ್ನುವವಳು, ಅದಕ್ಕೇ ಸದಾ ಹೊಟ್ಟೆನೋವಿನವಳ ಹಾಗೆ ಕಾಣುತ್ತಾಳೆ.

"ಫ್ರೀಡಾ, ಇನ್ನು ಹೀಗೇ ಬಿಡೋಕಾಗಲ್ಲ. ಬೆಲೆ ಇಲ್ಲ ಅಂತ ಜನ ವಾಪಸ್ ಹೋಗ್ತಿದಾರೆ. ಇವತ್ತು ಟೀ ಹೊತ್ತಿಗೆ ನಾರ್ಮನ್‌ಗೆ ಹೇಳ್ತೀನಿ, ಇನ್ನು ಮನೇಲಿ ಆರಾಮಾಗಿರಿ ಅಂತ. ಸೋಮವಾರದಿಂದ ಆ ಮೇಜು ನೀವು ನೋಡ್ಕೋತೀರಾ?"

"ಮುಂದೆ ಗಲ್ಲಾದಲ್ಲಿ ಕೂರಿಸಿದ್ರೆ?"

"ಅವರೇ ಬೇಡ ಅಂದ್ರು. ಗುರುತು ಹಾಕೋಕೇ ಆಗ್ದಿದ್ರೆ ಚಿಲ್ಲರೆ ಹೇಗೆ ಎಣಿಸ್ಲಿ ಅಂದ್ರು."

ನೋಡಿಕೊಳ್ಳುತ್ತೇನೆ ಎಂದೆ. ಸುಳ್ಳು ಹೇಳುವುದಿಲ್ಲ, ಒಂದು ಗಳಿಗೆ ಹೆಮ್ಮೆಯೂ ಆಯಿತು. ಇನ್ನು ಮೂಲೆ ಮೂಲೆಯಲ್ಲೂ ನನ್ನ ಅಚ್ಚುಕಟ್ಟಾದ ಅಕ್ಷರ, ಯಾರನ್ನೂ ಬೈಯುವ ಹಾಗಿಲ್ಲ. ಬೈಯಲು ಯಾರೂ ಇರುವುದಿಲ್ಲ ಎಂಬುದು ಆಮೇಲೆ ಹೊಳೆಯಿತು.

ಟೀ ಹೊತ್ತಿಗೆ ಮೂವರೂ ಹಿಂದಿನ ಕೋಣೆಯಲ್ಲಿ ಕೂತೆವು. ನಾನು ಶುಂಠಿ ಬಿಸ್ಕತ್ತು ತಟ್ಟೆಗೆ ಹಾಕಿದೆ. ಯಾರೂ ಮುಟ್ಟಲಿಲ್ಲ. ಬೆಥನ್ ಮೇಜಿನ ಮೇಲೆ ಒಂದು ಪುಸ್ತಕ ಇಟ್ಟಳು. ಕಾಲುವೆ ದೋಣಿಗಳವರ ಬದುಕಿನ ಬಗ್ಗೆ ಬರೆದ ದಪ್ಪ ಪುಸ್ತಕ. ನಾನು ಉಜ್ಜುವ ಮೊದಲೇ, ಮಾತಿಗೆ ಆಧಾರವಿರಲೆಂದು ಅವಳು ತೆಗೆದಿಟ್ಟುಕೊಂಡಿದ್ದಳು. ಮೂಲೆಯಲ್ಲಿ 'ಡಬ್ಲ್ಯು 212'.

ಅವಳು ಸುತ್ತಿ ಬಳಸಿ ಹೇಳಿದಳು. ಕೊನೆಗೆ ನಾರ್ಮನ್ ಹಸಿರು ಪೆನ್ಸಿಲ್ಲನ್ನು ತಟ್ಟೆಯ ಪಕ್ಕದಲ್ಲಿಟ್ಟು ಪುಸ್ತಕವನ್ನು ಹತ್ತಿರಕ್ಕೆ ಎಳೆದುಕೊಂಡ.

"ಬರೆದಿದ್ರೆ ನಾನೇ ಬರ್ದಿರಬೇಕು. ಜಗಳ ಇಲ್ಲ," ಎಂದ. "ಆದರೆ ಯಾವ ಯೋಚನೇಲಿ ಬರೆದೆ ಅಂತ ಒಂದು ಸಲ ತಿಳ್ಕೋಬೇಕು. ಇನ್ನೂರ ಹನ್ನೆರಡು... ರೈಲಿನ ನಂಬರ್ ಅಲ್ಲ. ಮನೆ ನಂಬರ್ ಅಲ್ಲ. ಇನ್ನೂರ ಹನ್ನೆರಡನೇ ವಾರ ಅಂತೂ ಇಲ್ವೇ ಇಲ್ಲ. ಪುಟ ಇರಬಹುದೇನೋ."

"ಬಿಡು ನಾರ್ಮನ್, ಟೀ ಆರಿಹೋಗುತ್ತೆ," ಎಂದೆ.

ಅವನು ಬಿಡಲಿಲ್ಲ. ಬೆರಳಿಗೆ ಎಂಜಲು ಹಚ್ಚಿ ಪುಟ ತಿರುವಿದ. ಹಿಂದಿನ ಕೋಣೆಯಲ್ಲಿ ಪುಸ್ತಕ ಓದಬಾರದೆಂಬುದು ನಿಯಮ. ಓದುತ್ತ ಕೂತರೆ ಪೆಟ್ಟಿಗೆ ಖಾಲಿಯಾಗುವುದಿಲ್ಲ. ಒಂಬತ್ತು ವರ್ಷದಲ್ಲಿ ಅವನು ಅದನ್ನು ಮುರಿದದ್ದು ಅದೇ ಮೊದಲು.

"ಇಲ್ಲೊಂದು ಗೆರೆ ಎಳೆದಿದೆ," ಎಂದ. ಕನ್ನಡಕ ಇಳಿಸಿ ಓದಿದ. ಕಾಲುವೆ ದಡದಲ್ಲಿ ನಡೆಯುತ್ತ ಹಗ್ಗದಿಂದ ದೋಣಿ ಎಳೆಯುವ ಒಂದು ಹೇಸರಗತ್ತೆಯ ಸಂಗತಿ. ಬೆಳಗ್ಗೆ ಎದ್ದೊಡನೆ ಅದು ಒಡೆಯನ ಮುಖಕ್ಕೆ ಮುಖವಿಟ್ಟು ಮನಸಾರೆ ಅರಚಬೇಕಂತೆ. ಅವನು ಟೊಪ್ಪಿ ತೆಗೆದು ನಿಂತು ಪೂರ್ತಿ ಕೇಳಬೇಕಂತೆ. ಕೇಳದಿದ್ದರೆ ಒಂದು ಹೆಜ್ಜೆ ಇಡದು. ಕೇಳಿಸಿಕೊಂಡರೆ ಮಳೆಯಿರಲಿ, ಹಿಮವಿರಲಿ, ಸಂಜೆಯ ತನಕ ಇಪ್ಪತ್ತು ಮೈಲಿ ಎಳೆಯುವುದು, ಒಮ್ಮೆಯೂ ನಿಲ್ಲದೆ. ಇಪ್ಪತ್ತಾರು ವರ್ಷ ಹಾಗೆ ಎಳೆಯಿತಂತೆ. ಅದು ಸತ್ತ ಮೇಲೆ ಆ ದೋಣಿಯವನು ದಿನಾ ಬೆಳಗ್ಗೆ ದಡದಲ್ಲಿ ಟೊಪ್ಪಿ ತೆಗೆದು ಸುಮ್ಮನೆ ಒಂದು ಗಳಿಗೆ ನಿಲ್ಲುತ್ತಿದ್ದನಂತೆ.

ಬೆಥನ್ ಕಣ್ಣು ಕಣ್ಣು ಬಿಟ್ಟಳು.

"ಪಕ್ಕದಲ್ಲಿ ಪೆನ್ಸಿಲ್ಲಲ್ಲಿ ಏನೋ ಇದೆ," ಎಂದು ನಾರ್ಮನ್ ಪುಟವನ್ನು ಮೂಗಿನ ಹತ್ತಿರ ತಂದ. "'ವಿನ್, ಇದು ನೀನೇ. ಓದು.' ಯಾರಿದು ವಿನ್? ಬೆಥನ್, ನಂಗೆ ಯಾವ ವಿನ್ನೂ ಗೊತ್ತಿಲ್ಲ. ಗೊತ್ತಿಲ್ಲದೋರಿಗೂ ಪತ್ರ ಬರೆಯೋಕೆ ಶುರು ಮಾಡಿದೀನಾ ನಾನು?"

ನನ್ನ ಕೈಯಲ್ಲಿದ್ದ ಕಪ್ಪಿನಿಂದ ಟೀ ತುಳುಕಿ ಬಟ್ಟೆಯ ಮೇಲೆ ಬಿತ್ತು. ಬಿಸಿ ತಟ್ಟಿದ್ದೂ ತಿಳಿಯಲಿಲ್ಲ.

ನನ್ನ ಪೂರ್ತಿ ಹೆಸರು ವಿನಿಫ್ರೆಡ್. ಅಮ್ಮನಿಗೆ, ಶಾಲೆಗೆ, ಈ ಊರಿಗೆಲ್ಲ ನಾನು ಫ್ರೀಡಾ. ಹೆಸರಿನ ಮುಂದಿನ ತುಂಡು ಹಿಡಿದು ವಿನ್ ಎಂದು ಕರೆದವನು ಒಬ್ಬನೇ ಒಬ್ಬ.

"ಕೊಡಿಲ್ಲಿ," ಎಂದೆ. ಕೊಟ್ಟ. ಅದೇ ಓರೆ ಅಕ್ಷರ, ಅದೇ ಸೂಜಿಯಂಥ ಗೆರೆ. ಕೌನ್ಸಿಲ್ ಕಚೇರಿಯಲ್ಲಿ ಇಪ್ಪತ್ತೇಳು ವರ್ಷ ಚರಂಡಿ, ಸೇತುವೆಗಳ ನಕ್ಷೆ ಬರೆದವನ ಗಟ್ಟಿ ಪೆನ್ಸಿಲ್ಲು. ಆ ಪೆನ್ಸಿಲ್ಲನ್ನು ಅವನ ಅಂಗಿಯ ಕಿಸೆಯಲ್ಲೇ ಬಿಟ್ಟು ಎಷ್ಟು ಸಲ ಒಗೆದಿದ್ದೇನೆ! ಮೂರು ವಾರ ಅದನ್ನೇ ಉಜ್ಜಿದೆ, ಒತ್ತಿ ಬರೆದಿದ್ದಾನೆಂದು ನಾರ್ಮನ್‌ಗೆ ಬೈಯುತ್ತ. ಎಂಥ ಕುರುಡಿ ನಾನು.

ಮೇಜಿನ ಪಕ್ಕದ ಫೋನೆತ್ತಿ ಕೀತ್‌ಗೆ ಮಾಡಿದೆ.

"ಕೀತ್, ಚಿಕ್ಕಪ್ಪನ ಪುಸ್ತಕ ಎಲ್ಲಿಗೆ ಕೊಟ್ಟೆ?"

"ಪೇಟೆಬೀದೀಲಿ ಚಿಕ್ಕಮ್ಮಾ. ಹಿಂದಿನ ಬಾಗಿಲಲ್ಲಿ. ಸೋಮವಾರಕ್ಕೆ ಎರಡೆರಡು ಪೆಟ್ಟಿಗೆ ಇಟ್ಟು ಬರ್ತಿದೀನಿ."

"ಯಾವ ಅಂಗಡಿ?"

"ಅದೇ, ಕತ್ತೆ ಅಂಗಡಿ." ಆಮೇಲೆ ಅವನಿಗೂ ಹೊಳೆಯಿತು. "ಅಯ್ಯೋ... ಅಲ್ಲೇ ಗಾಡಿ ನಿಲ್ಲಿಸೋಕೆ ಜಾಗ ಇತ್ತು ಚಿಕ್ಕಮ್ಮಾ."

ಫೋನಿಟ್ಟೆ. ಇಬ್ಬರೂ ನನ್ನನ್ನೇ ನೋಡುತ್ತಿದ್ದರು.

"ವಿನ್ ನಾನೇ," ಎಂದೆ. "ಡಬ್ಲ್ಯು ಅಂದ್ರೆ ವಾರ ಅಲ್ಲ, ವಿನ್‌ನ ಮೊದಲಕ್ಷರ. ನಾನು. ಆ ಸಂಖ್ಯೆ ಪುಟದ್ದು. ಬರೆದಿದ್ದು ಸಿರಿಲ್. ನಿನ್ನ ತಲೆಗೆ ಏನೂ ಆಗಿಲ್ಲ ನಾರ್ಮನ್. ಒಂದಿಷ್ಟೂ ಆಗಿಲ್ಲ. ಆಗಿದ್ದೆಲ್ಲ ನನ್ನ ಬಾಯಿಂದ. ತಪ್ಪಾಯ್ತು."

ನಾರ್ಮನ್ ಕನ್ನಡಕ ತೆಗೆದು ಒರೆಸಿದ. ಹಾಕಿಕೊಂಡ. ಮತ್ತೆ ತೆಗೆದು ಒರೆಸಿದ. ಆಮೇಲೆ ಬಿಸ್ಕತ್ತಿಗೆ ಕೈ ಹಾಕಿ, ಒಂದಾದ ಮೇಲೊಂದು ಮೂರು ತಿಂದ. ಬೆಳಗ್ಗೆಯಿಂದ ಏನೂ ತಿಂದಿರಲಿಲ್ಲವಂತೆ.

"ಹೇಸರಗತ್ತೆ ಅಂತ ಗಂಡನೇ ಬರೆದಿಟ್ಟು ಹೋಗಿದಾನೆ," ಎಂದ ಬಾಯಿ ತುಂಬಿಕೊಂಡು. "ನಾನಿನ್ನೇನು ಹೇಳ್ಲಿ."

ಬೆಥನ್ ಹಸಿರು ಪೆನ್ಸಿಲ್ಲನ್ನು ಎತ್ತಿ ಅವನ ಕಿಸೆಗೆ ತಾನೇ ಸಿಕ್ಕಿಸಿದಳು. ಸೋಮವಾರದ ಮಾತು ಯಾರೂ ಎತ್ತಲಿಲ್ಲ.

"ಆದರೆ ಫ್ರೀಡಾ, ಮೊದಲ್ನೇ ಹಾಳೇಲಿ ಯಾಕೆ ಹೀಗೆ ಬರೀತಿದ್ರು?" ಎಂದಳು.

ಇದಕ್ಕೆ ಉತ್ತರ ಗೊತ್ತಿತ್ತು. ಸಂಜೆಯಾದರೆ ಸಿರಿಲ್ ಗ್ಯಾರೇಜಿನಿಂದ ಕೂಗುತ್ತಿದ್ದ, "ವಿನ್, ಇದನ್ನೊಂಚೂರು ಕೇಳು ಬಾ." ನನಗೆ ಒಲೆಯ ಮೇಲೆ ಆಲೂಗಡ್ಡೆ. ಇಲ್ಲವೇ ಇಸ್ತ್ರಿ. ಇಲ್ಲವೇ ಸುಮ್ಮನೆ ಸಿಡುಕು. "ಗುರುತು ಹಾಕಿಡು, ಆಮೇಲೆ ಓದ್ತೀನಿ," ಎನ್ನುತ್ತಿದ್ದೆ. ಪಾಪ, ಹೇಳಿದ ಹಾಗೆ ಗುರುತು ಹಾಕಿಟ್ಟಿದ್ದಾನೆ. ಮೂವತ್ತೆಂಟು ವರ್ಷ. ಆ ಆಮೇಲೆ ಎಂದೂ ಬರಲಿಲ್ಲ. ಕೊನೆಗೆ ಬಂದಾಗ ನನ್ನ ಕೈಯಲ್ಲಿ ರಬ್ಬರಿತ್ತು.

ಅಷ್ಟು ಹೇಳುವಷ್ಟರಲ್ಲಿ ಅಳು ಬಂತು. ತಡೆಯಲಿಲ್ಲ. ಬೆಥನ್ ಬೆನ್ನು ಸವರಿದಳು.

"ಚೀಲಗಳು?" ಎಂದೆ, ಮೂಗೊರೆಸಿಕೊಂಡು.

"ನಿನ್ನೆ ಬುಧವಾರ," ಎಂದಳು ಅವಳು. ಚೀಲಕ್ಕೆ ಹೋದದ್ದು ಕಾರ್ಖಾನೆಗೂ ಹೋಗಿತ್ತು. 9, 3, 41. ಆ ಪುಟಗಳಲ್ಲಿ ಏನಿತ್ತೋ ಇನ್ನು ಯಾರಿಗೂ ತಿಳಿಯದು. ಉಳಿದವು ಶೆಲ್ಫಿನಲ್ಲಿದ್ದವು, ಆದರೆ ಅವುಗಳ ಗುರುತನ್ನು ಈ ಜಿಲ್ಲೆಯಲ್ಲೇ ಚೆನ್ನಾಗಿ ಉಜ್ಜುವವಳು ಉಜ್ಜಿಯಾಗಿತ್ತು. ಅಂಥ ಸಾವಿರ ಪುಸ್ತಕಗಳ ನಡುವೆ ಯಾವುದು ಅವನದು, ಯಾವುದು ಇನ್ನಾರದೋ ಮುದುಕನದು?

ನಾರ್ಮನ್ ಎದ್ದು ಮುಂದಿನ ಅಂಗಡಿಗೆ ಹೋದ. ಸ್ವಲ್ಪ ಹೊತ್ತಿಗೆ ನಾನೂ ಹೋದೆ. ಅವನು ಕಾಲುವೆ, ಉಗಿಬಂಡಿಗಳ ಸಾಲಿನಿಂದ ಒಂದೊಂದೇ ಪುಸ್ತಕ ತೆಗೆದು, ಕಿಟಕಿಯ ಬೆಳಕಿಗೆ ಮೊದಲ ಹಾಳೆಯನ್ನು ಓರೆಯಾಗಿ ಹಿಡಿದು ನೋಡುತ್ತಿದ್ದ. ಗಿರಾಕಿಯೊಬ್ಬಳು ಇವನಿಗೇನಾಗಿದೆಯೆಂದು ದೂರ ಸರಿದು ನಿಂತಿದ್ದಳು.

"ಏನ್ ಮಾಡ್ತಿದೀಯಯ್ಯಾ?"

"ಗಟ್ಟಿ ಪೆನ್ಸಿಲ್ಲು ಕಣಮ್ಮಾ. ನೀನೇ ಬೈತಿದ್ಯಲ್ಲ, ಗೀರು ಉಳಿಯುತ್ತೆ ಅಂತ. ಬಾ ಇಲ್ಲಿ. ತಲೆ ಈ ಕಡೆ ವಾಲಿಸು. ಕಾಣ್ತಾ?"

ಮೊದಲು ನನ್ನ ಅಚ್ಚುಕಟ್ಟಾದ 16 ಮಾತ್ರ ಕಂಡಿತು. ಆಮೇಲೆ ಅವನು ಹಾಳೆಯನ್ನು ಇನ್ನಷ್ಟು ಓರೆ ಮಾಡಿದ. ಹದಿನಾರರ ಅಡಿಯಲ್ಲಿ, ಬಣ್ಣವಿಲ್ಲದೆ, ಬರೀ ಗೀರಿನಲ್ಲಿ, ಒಂದು ಡಬ್ಲ್ಯು. 131. ಅದೇ ಉಗಿಬಂಡಿ ಪುಸ್ತಕ. ಅಂದು ಗಿರಾಕಿ ಬಿಟ್ಟುಹೋದದ್ದು ಎಂಥ ಪುಣ್ಯ.

ನಾರ್ಮನ್ 131ನೆಯ ಪುಟ ತೆರೆದು ಬೆರಳಿಟ್ಟ. ಅಲ್ಲೂ ಒಂದು ಗೆರೆ ಇತ್ತು. ಪುಸ್ತಕವನ್ನು ನನ್ನ ಕಡೆ ಚಾಚಿದ, ಆದರೆ ನನ್ನ ಕಣ್ಣು ಮಂಜಾಗಿ ಅಕ್ಷರ ಕೂಡಲಿಲ್ಲ.

"ನಾನು ಓದ್ಲಾ?" ಎಂದ. "ಇಲ್ಲಾ, ಗುರುತು ಹಾಕಿಡ್ಲಾ, ಆಮೇಲೆ ಓದ್ಕೋತೀಯಾ?"

ಗಲ್ಲಾದ ಮುಂದೆ ಇಬ್ಬರು ಕಾಯುತ್ತಿದ್ದರು. ಕಾಯಲಿ ಎಂದುಕೊಂಡೆ.

"ಈಗ್ಲೇ ಓದು," ಎಂದು ಸ್ಟೂಲು ಎಳೆದುಕೊಂಡು ಕೂತೆ.